ಗುಡ್ಡದೂರಿನ ಪಿಕಪ್ ಪಂದ್ಯ

ಮೇಳಿಗೆಯ ತೋಟಗಳಿಂದ ತೀರ್ಥಹಳ್ಳಿಗೆ, ಹೊಸನಗರದ ಕಡೆಯಿಂದ ಸಾಗರದ ಮಂಡಿಗೆ ಅಡಿಕೆ ಮೂಟೆ ಹೇರಿಕೊಂಡು ಹೋಗುವ ಪಿಕಪ್‌ಗಳನ್ನು ನಾವು ದುಡಿಮೆಯ ಗಾಡಿಗಳೆಂದಷ್ಟೇ ನೋಡುತ್ತೇವೆ. ಅದೇ ರೂಪದ ಗಾಡಿಗಳು 2023ರ ಮೇ 20ರಂದು ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ನಾರ್ತ್ ವಿಲ್ಕ್ಸ್‌ಬರೊ ಎಂಬ ಗುಡ್ಡದೂರಿನಲ್ಲಿ 250 ಸುತ್ತು ಓಡಿದವು. ಗೆದ್ದವರು ಕೈಲ್ ಲಾರ್ಸನ್. ಮೊಟ್ಟೆಯಾಕಾರದ ಆ ಟ್ರ್ಯಾಕಿನ ಒಂದು ಸುತ್ತೆಂದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಅಮೆರಿಕದಲ್ಲಿ ಕಾರು ಪಂದ್ಯಗಳನ್ನು ನಡೆಸುವ ನಾಸ್ಕರ್ ಸಂಸ್ಥೆಯ ಈ ಪಿಕಪ್ ಟ್ರಕ್ ಸರಣಿ ಅಲ್ಲಿಗೆ ಮರಳಲು 27 ವರ್ಷ ಹಿಡಿದಿತ್ತು. ಅಷ್ಟು ಕಾಲ ಬಹುಪಾಲು ಪಾಳು ಬಿದ್ದಿದ್ದ ಕಣ ಮತ್ತೆ ಎದ್ದು ನಿಂತದ್ದು ಹೇಗೆ? ದುಡಿಯುವ ಗಾಡಿಯೂ ಅದನ್ನು ಓಡಿಸುವ ಊರೂ ಒಂದಕ್ಕೊಂದು ಬೆಸೆದುಕೊಂಡಿದ್ದರೆ ಆ ಆಟವನ್ನು ಕೊಲ್ಲುವುದು ಸುಲಭವಲ್ಲ ಎಂಬುದೇ ಇದಕ್ಕೆ ನನಗೆ ತೋರುವ ಉತ್ತರ.

ಈ ಬೆಸುಗೆಯನ್ನು ಅರಿಯಬೇಕಾದರೆ 1931ರಲ್ಲಿ ಅದೇ ವಿಲ್ಕ್ಸ್ ಕೌಂಟಿಯಲ್ಲಿ ಹುಟ್ಟಿದ ಜೂನಿಯರ್ ಜಾನ್ಸನ್ ಅವರನ್ನು ಅರಿಯಬೇಕು. ಅಪಲಾಚಿಯನ್ ಬೆಟ್ಟಗಳ ತಪ್ಪಲಿನ ಆ ಸೀಮೆಯಲ್ಲಿ ಗೋವಿನಜೋಳದ ಮೂಟೆಗಳನ್ನು ಕೆಟ್ಟ ದಾರಿಯಲ್ಲಿ ಪೇಟೆಗೆ ಸಾಗಿಸುವುದಕ್ಕಿಂತ ಬಟ್ಟಿ ಇಳಿಸಿ ಮಾರಿದರೆ ನಾಲ್ಕು ಕಾಸು ಹೆಚ್ಚು ಗಿಟ್ಟುತ್ತಿತ್ತು. ಕಳ್ಳಬಟ್ಟಿ ಸಾಗಿಸುವ ಕಾರು ಹೊರಗಿನಿಂದ ನೋಡಿದರೆ ಎಲ್ಲರ ಮನೆಯ ಕಾರಿನಂತೆಯೇ ಇರುತ್ತಿತ್ತು. ಎಂಜಿನ್ ಮಾತ್ರ ಹುರಿಗೊಳಿಸಿದ್ದು. ಭಾರಕ್ಕೆ ಹಿಂಬದಿ ಕುಸಿದು ಅಬಕಾರಿಯವರಿಗೆ ಅನುಮಾನ ಬಾರದಿರಲೆಂದು ಗಟ್ಟಿ ಸ್ಪ್ರಿಂಗ್ ಬೇರೆ. ಮನೆಯ ಕಾರಿನ ರೂಪದ ಗಾಡಿಗಳು ಓಡುವ ಸ್ಟಾಕ್ ಕಾರ್ ಪಂದ್ಯದ ಒಂದು ಬೇರು ಇರುವುದು ಈ ಕಾರುಗಳಲ್ಲೇ. ಹದಿಹರೆಯದಲ್ಲೇ ಈ ಕೆಲಸಕ್ಕಿಳಿದ ಜಾನ್ಸನ್ ರಸ್ತೆಯಲ್ಲಿ ಒಮ್ಮೆಯೂ ಸಿಕ್ಕಿಬೀಳಲಿಲ್ಲ. 1956ರಲ್ಲಿ ಸಿಕ್ಕಿದ್ದು ತಂದೆಯ ಬಟ್ಟಿಯ ಬಳಿ. 11 ತಿಂಗಳು ಸೆರೆವಾಸವಾಯಿತು. ಮರಳಿ ಬಂದು 1960ರಲ್ಲಿ ನಾಸ್ಕರ್‌ನ ಹೆಸರಾಂತ ಪಂದ್ಯ ಡೇಟೋನಾ 500 ಗೆದ್ದರು. ಅವರ ಕಾರು ಆ ದಿನ ಇತರರಷ್ಟು ವೇಗದ್ದಾಗಿರಲಿಲ್ಲ. ಮುಂದಿನ ಕಾರಿಗೆ ಒತ್ತಿಕೊಂಡು ಓಡಿದರೆ ಅದು ಗಾಳಿ ಸೀಳಿದ ಜಾಗದಲ್ಲಿ ತನ್ನ ಕಾರೂ ಹಗುರಾಗಿ ಸಾಗುತ್ತದೆಂದು ಅಭ್ಯಾಸದ ವೇಳೆ ಕಂಡುಕೊಂಡಿದ್ದರು. ಇಂದು ಇದು ಎಲ್ಲ ಚಾಲಕರ ಮೊದಲ ಪಾಠ. ಒಟ್ಟು 50 ಗೆಲುವು, 1986ರಲ್ಲಿ ಅಧ್ಯಕ್ಷ ರೇಗನ್ ಅವರಿಂದ ಕ್ಷಮಾದಾನ, 2019ರಲ್ಲಿ ಸಾವು. ಕಳ್ಳಸಾಗಣೆಯವನನ್ನು ಹೊಗಳುವುದೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಕಳ್ಳಬಟ್ಟಿ ಎಷ್ಟು ಮನೆ ಮುರಿದಿದೆ ಎಂಬುದು ಮಲೆನಾಡಿಗೂ ಗೊತ್ತು. ಆದರೆ ಕತ್ತಲ ದಾರಿಯಲ್ಲಿ ಕಲಿತ ಕೈಚಳಕಕ್ಕೆ ಹಗಲಲ್ಲಿ ನಾಲ್ಕು ಜನರ ಮುಂದೆ ಮರ್ಯಾದೆಯ ಬದುಕು ಕೊಟ್ಟದ್ದು ಈ ಸಣ್ಣ ಟ್ರ್ಯಾಕುಗಳು. ನಾನು ಹೊಗಳುವುದು ಅದನ್ನು.

ನಾರ್ತ್ ವಿಲ್ಕ್ಸ್‌ಬರೊ ಟ್ರ್ಯಾಕ್ ಶುರುವಾದದ್ದು 1947ರಲ್ಲಿ, ಎನಾಕ್ ಸ್ಟೇಲಿ ಮತ್ತು ಜೊತೆಗಾರರಿಂದ. ನೆಲ ಮಟ್ಟ ಮಾಡಿಸುವಷ್ಟು ದುಡ್ಡಿರದೆ ಗುಡ್ಡದ ಇಳಿಜಾರನ್ನು ಇದ್ದಂತೆಯೇ ಬಿಟ್ಟರು ಎಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಹಾಗಾಗಿ ಮುಂದಿನ ನೇರದಾರಿ ಇಳಿಜಾರು, ಹಿಂದಿನದು ಏರು. ಎಡಕ್ಕೆ ತಿರುಗುತ್ತಲೇ ಇರುವುದರಲ್ಲಿ ಏನು ಚಾತುರ್ಯ ಎನ್ನುವವರಿಗೆ ಈ ಇಳಿಜಾರೇ ಉತ್ತರ. ಇಳಿದು ಬಂದ ವೇಗವನ್ನು ತಿರುವಿಗೆ ಮೊದಲು ಬ್ರೇಕು ಕುಡಿಯಬೇಕು, ತಿರುವಿನಿಂದ ಎದ್ದು ಏರು ಹತ್ತುವಾಗ ಟೈರು ಜಾರಬಾರದು. ಮೊದಲ 20 ಸುತ್ತಿನಲ್ಲೇ ಟೈರು ಸವೆಸಿದವನಿಗೆ ಕೊನೆಯಲ್ಲಿ ಹಿಡಿತವೇ ಉಳಿಯುವುದಿಲ್ಲ. 1995ರಲ್ಲಿ ಟ್ರಕ್ ಸರಣಿ ಹುಟ್ಟಿದಾಗ ಇಂಥ ಸಣ್ಣ ಟ್ರ್ಯಾಕುಗಳನ್ನೇ ನೆಚ್ಚಿಕೊಂಡಿತ್ತು. ಟೈರು ಬದಲಿಸಲು ಜಾಗ ಸಾಲದ ಕಡೆಗಳಿಗಾಗಿ ಓಟದ ನಡುವೆ ವಿರಾಮವನ್ನೇ ಇಟ್ಟಿದ್ದರು. ಈ ಸರಣಿಯ ಗಾಡಿಗಳು ನಿಜವಾದ ಪಿಕಪ್‌ಗಳೇ ಅಲ್ಲ, ಪೈಪಿನ ಚೌಕಟ್ಟಿಗೆ ತೊಡಿಸಿದ ಪಿಕಪ್ ಅಂಗಿ ಎಂಬ ಆಕ್ಷೇಪವೂ ಇದೆ. ಮಾತು ಸರಿ. ಆಗುಂಬೆ ಘಟ್ಟ ಇಳಿದು ನೋಡಿದರೆ ಕಂಬಳದ ಕೋಣಗಳೂ ಈಗ ಗದ್ದೆ ಉಳುವುದಿಲ್ಲ, ವರ್ಷವಿಡೀ ಓಟಕ್ಕೆಂದೇ ಸಾಕಿಸಿಕೊಳ್ಳುತ್ತವೆ. ಆದರೂ ಓಟದ ಕರೆಯ ಬದಿ ನಿಂತ ರೈತನಿಗೆ ಅವು ತನ್ನ ಹಟ್ಟಿಯವೇ. ಭಾರತದಲ್ಲಿ ಟಾಟಾ ಕಂಪನಿ 2014ರಲ್ಲಿ ಗ್ರೇಟರ್ ನೋಯ್ಡಾದ ಫಾರ್ಮುಲಾ ಒನ್ ಟ್ರ್ಯಾಕಿನಲ್ಲಿ ಲಾರಿಗಳ ಪಂದ್ಯ ನಡೆಸಿದಾಗ ಚಾಲಕರು ವಿದೇಶಿಯರು. 2016ರಲ್ಲಿ ನಮ್ಮ ಲಾರಿ ಚಾಲಕರನ್ನೇ ತರಬೇತಿ ಕೊಟ್ಟು ಇಳಿಸಿದರು. ಆಟಕ್ಕೆ ಬೇಕಾದ ಬೇರು ಯಾವುದೆಂದು ಸಂಘಟಕರಿಗೂ ತಿಳಿದಿತ್ತು ಎನ್ನಲು ಇಷ್ಟು ಸಾಕು.

1995ರಲ್ಲಿ ಸ್ಟೇಲಿ ತೀರಿಕೊಂಡರು. ಟ್ರ್ಯಾಕ್ ಅರ್ಧರ್ಧವಾಗಿ ಇಬ್ಬರು ಉದ್ಯಮಿಗಳ ಪಾಲಾಯಿತು. ಅವರಿಗೆ ಬೇಕಾದದ್ದು ಅಲ್ಲಿನ ದೊಡ್ಡ ಕಾರು ಪಂದ್ಯಗಳ ಎರಡು ದಿನಾಂಕಗಳು. ಒಂದು ಟೆಕ್ಸಸ್‌ಗೆ ಹೋಯಿತು, ಇನ್ನೊಂದು ನ್ಯೂ ಹ್ಯಾಂಪ್‌ಶೈರ್‌ಗೆ. 1996ರ ಸೆಪ್ಟೆಂಬರ್ 29ರಂದು ಜೆಫ್ ಗಾರ್ಡನ್ ಗೆದ್ದದ್ದು ಆ ಕಾಲದ ಕೊನೆಯ ದೊಡ್ಡ ಓಟ. ನಾಲ್ಕು ಸಾವಿರ ಚಿಲ್ಲರೆ ಜನರ ಊರು ಲಕ್ಷ ಕುರ್ಚಿಯ ಕ್ರೀಡಾಂಗಣದ ಮುಂದೆ ನಿಲ್ಲಲಾರದು ಎಂಬ ಲೆಕ್ಕ ಕಾಗದದ ಮೇಲೆ ತಪ್ಪಿರಲಿಲ್ಲ. 2019ರಲ್ಲಿ ಹೆಸರಾಂತ ನಾಸ್ಕರ್ ಚಾಲಕ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಮತ್ತು ಜೊತೆಗಾರರು ಬಿರುಕುಗಳಲ್ಲಿ ಬೆಳೆದ ಕಳೆ ಕಿತ್ತರು, ಅದೂ ಕಂಪ್ಯೂಟರ್ ಆಟವೊಂದಕ್ಕೆ ಟ್ರ್ಯಾಕಿನ ಅಳತೆ ಹಿಡಿದಿಡಲು. ಮುಂದೆ ರಾಜ್ಯ ಸರ್ಕಾರ ಕೋವಿಡ್ ಪರಿಹಾರ ನಿಧಿಯಿಂದ 1.8 ಕೋಟಿ ಡಾಲರ್ ಕೊಟ್ಟಿತು. ತೆರಿಗೆ ಹಣ ಮೋಟಾರು ಪಂದ್ಯಕ್ಕೇಕೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆಸ್ಪತ್ರೆಗೂ ಶಾಲೆಗೂ ದುಡ್ಡು ಬೇಕು. ಆದರೆ ಊರಿನ ಹೆಸರನ್ನು ಹೊರಜಗತ್ತಿಗೆ ಹೇಳುವ ಒಂದೇ ಜಾಗ ಕಣ್ಮುಂದೆಯೇ ಕುಸಿಯುವುದೂ ಸಾರ್ವಜನಿಕ ನಷ್ಟವೇ. ಅರ್ನ್‌ಹಾರ್ಟ್‌ರಂಥ ಹೆಸರಿನ ಬೆಂಬಲ ಎಲ್ಲ ಟ್ರ್ಯಾಕಿಗೂ ಒದಗಲಿಲ್ಲ ಎಂಬುದೇ ನೋವು. ಟ್ರಕ್ ಸರಣಿಯ ಮೊದಲ ವರ್ಷ ಕ್ಯಾಲಿಫೋರ್ನಿಯಾದ ಸಾಗಸ್‌ನಲ್ಲೂ ಓಟ ನಡೆದಿತ್ತು, ಮೈಲಿಯ ಮೂರನೇ ಒಂದು ಪಾಲಿನ ಸುತ್ತು. ಅದೇ 1995ರಲ್ಲಿ ಅದು ಮುಚ್ಚಿತು, ಆಮೇಲೆ ಅಲ್ಲಿ ಉಳಿದದ್ದು ಹಳೇ ಸಾಮಾನಿನ ಸಂತೆ. ಟ್ರಕ್‌ಗಳು ಅಲ್ಲಿಗೆ ಮರಳಲಿಲ್ಲ.