ಎಷ್ಟಿದ್ದರೆ ಸಾಕು? ಸದ್ಬಾಳ್ವೆಯ ಪ್ರಶ್ನೆಗೆ ಹಲವು ಮತಗಳ ಉತ್ತರ

ಮಕ್ಕಳು ಚೆನ್ನಾಗಿ ಬಾಳಬೇಕೆಂಬುದು ಎಲ್ಲ ಪಾಲಕರ ಹಾರೈಕೆ. ಆದರೆ ಚೆನ್ನಾಗಿ ಬಾಳುವುದೆಂದರೆ ಏನು? ಗಡಿನಾಡಿನ ಕನ್ನಡ ಶಾಲೆಗಳ ಪಾಲಕರ ಸಭೆಗಳಲ್ಲಿ ಈ ಮಾತು ಬಹುಬೇಗ ಮಾಧ್ಯಮ, ನೌಕರಿ, ಸಂಬಳಗಳ ಲೆಕ್ಕಕ್ಕೆ ತಿರುಗುತ್ತದೆ. ಆ ಚಿಂತೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಸಂಸಾರಿಗಳಿಗೆ ಬಾಳಿನ ದಾರಿ ತೋರಿದ ಪರಂಪರೆಗಳು ಗಳಿಕೆಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಇಟ್ಟಿವೆ: ಎಷ್ಟು ಸಾಕು? ಆ ಗೆರೆಯನ್ನು ಯಾವಾಗ ಎಳೆಯಬೇಕು? ಎಲ್ಲ ಧರ್ಮಗಳೂ ಹೇಳುವುದು ಒಂದೇ ಎಂದು ವೇದಿಕೆಯ ಮೇಲೆ ನುಡಿಯುವುದು ಸುಲಭ. ಅವು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಅರಿತಾಗಲೇ ನೆರೆಮನೆಯವರ ಬದುಕು ನಮಗೆ ತಿಳಿಯತೊಡಗುತ್ತದೆ.

12ನೆಯ ಶತಮಾನದ ಆಯ್ದಕ್ಕಿ ಮಾರಯ್ಯನವರು ಕಲ್ಯಾಣದ ಶರಣರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಅದೇ ಅವರ ಕಾಯಕ. ಅದರಿಂದಲೇ ಅವರ ದಾಸೋಹ. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮನವರು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರೆಂಬುದು ಪ್ರಸಿದ್ಧ ಪ್ರಸಂಗ. ಗಮನಿಸಬೇಕು, ಆ ಅಕ್ಕಿ ಕದ್ದುದಲ್ಲ. ಆದರೂ ಅಗತ್ಯವನ್ನು ಮೀರಿದ ಆಸೆಯು ಕಾಯಕವನ್ನೇ ಕೆಡಿಸುತ್ತದೆಂಬುದು ಆ ತಾಯಿಯ ನಿಲುವು. ಇಲ್ಲಿ ಗೆರೆಯನ್ನು ಪ್ರತಿದಿನವೂ ಎಳೆಯಬೇಕು. ಎಳೆದವರು ಮನೆಯ ಹೆಣ್ಣುಮಗಳು. ಈ ಎರಡನೆಯ ಸಂಗತಿಯನ್ನು ಪಾಠ ಹೇಳುವಾಗ ನಾವು ಸಾಕಷ್ಟು ಒತ್ತಿ ಹೇಳುವುದಿಲ್ಲ.

ಅದೇ ಪರಂಪರೆಯಲ್ಲಿ ಸೊಲ್ಲಾಪುರದ ಸಿದ್ಧರಾಮರ ಒಲವು ಊರಿನ ಹಿತದ ಕಡೆಗಿತ್ತು. ಅವರು ಕೆರೆಯ ಕೆಲಸದಲ್ಲಿ ಮುಳುಗಿದ್ದಾಗ ಅಲ್ಲಮಪ್ರಭುಗಳು ಬಂದು, ಹೊರಗಿನ ಕಾರ್ಯವಷ್ಟೇ ಸಾಲದು, ಒಳಗಿನ ಅರಿವೂ ಬೇಕೆಂದು ವಾದಿಸಿದುದನ್ನು ಶೂನ್ಯಸಂಪಾದನೆ ಕಥಿಸುತ್ತದೆ. ಹೀಗೆ ಒಂದೇ ಮನೆಯೊಳಗೂ ಚರ್ಚೆಯಿದೆ.

ಬೌದ್ಧರು ಮೊದಲ ಗೆರೆಯನ್ನು ಗಳಿಕೆಗೂ ಮುನ್ನವೇ ಎಳೆದರು. ಅಷ್ಟಾಂಗ ಮಾರ್ಗದ ಒಂದು ಅಂಗವೇ ಸಮ್ಯಕ್ ಆಜೀವ, ಅಂದರೆ ಸರಿಯಾದ ಜೀವನೋಪಾಯ. ಆಯುಧ, ಜೀವಿಗಳು, ಮಾಂಸ, ಮಾದಕ ಪದಾರ್ಥ, ವಿಷ ಈ 5 ವ್ಯಾಪಾರಗಳು ಉಪಾಸಕನಿಗೆ ಸಲ್ಲವು. ಸಂಪಾದನೆಗೆ ಮಾತ್ರ ಅಡ್ಡಿಯಿಲ್ಲ. ಸಿಗಾಲನೆಂಬ ಗೃಹಸ್ಥನಿಗೆ ಬುದ್ಧನು ಮಾಡಿದ ಉಪದೇಶದಲ್ಲಿ ಗಳಿಕೆಯನ್ನು 4 ಪಾಲು ಮಾಡಿ, 1 ಪಾಲನ್ನು ಅನುಭವಿಸಿ, 2 ಪಾಲನ್ನು ವೃತ್ತಿಗೆ ತೊಡಗಿಸಿ, ಉಳಿದ 1 ಪಾಲನ್ನು ಆಪತ್ಕಾಲಕ್ಕೆ ಇಡುವಂತೆ ಹೇಳಲಾಗಿದೆ. ಲಕ್ಕಮ್ಮನವರು ಒಲ್ಲದ ಕೂಡಿಡುವಿಕೆಗೆ ಇಲ್ಲಿ ಕಾಲು ಭಾಗವೇ ಮೀಸಲು! ಮಗ್ಗದ ಕೂಲಿಯನ್ನೋ ಬೀಡಿಯ ಕೂಲಿಯನ್ನೋ ನಂಬಿದ ಮನೆಗಳಿಗೆ ಸಿಗಾಲನ ಪಾಠವೇ ಮೊದಲು ಬೇಕೆಂಬುದು ನನ್ನ ಅಭಿಪ್ರಾಯ. ಮಗಳ ಓದಿಗೆಂದು ಎತ್ತಿಟ್ಟ ಹಣ ದುರಾಸೆಯಲ್ಲ. ಲಕ್ಕಮ್ಮನವರ ಪ್ರಶ್ನೆಯು ಕಣಜ ತುಂಬಿದವರಿಗೆ ತಾಗಬೇಕಾದುದು.

ಜೈನ ಶ್ರಾವಕನು ತಾನು ಹೊಂದಬಹುದಾದ ಹೊಲ, ಮನೆ, ಚಿನ್ನ, ಧಾನ್ಯಗಳ ಮಿತಿಯನ್ನು ವ್ರತವಾಗಿ ತಾನೇ ಗೊತ್ತುಮಾಡಿಕೊಳ್ಳುತ್ತಾನೆ. ಇದು ಪರಿಗ್ರಹ ಪರಿಮಾಣ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ 4 ದಾನಗಳೂ ಅವನ ಧರ್ಮ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಕನ್ನಡ ಪುಸ್ತಕಗಳಿಗಾಗಿ ಪ್ರತಿವರ್ಷ ದಾರಿ ಕಾಯುವ ಗಡಿಶಾಲೆಗಳಿಗೆ ಆ ದಾನದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಸ್ಲಾಮಿನಲ್ಲಿ ಗೆರೆಯನ್ನು ವ್ಯಕ್ತಿಯ ಮನಸ್ಸಿಗೆ ಬಿಟ್ಟಿಲ್ಲ. ನಿಸಾಬ್ ಎಂಬ ಕನಿಷ್ಠ ಮಿತಿಯನ್ನು ಮೀರಿದ ಸಂಪತ್ತು ಒಂದು ಚಾಂದ್ರವರ್ಷ ಕೈಯಲ್ಲಿ ಉಳಿದರೆ ಅದರ 40ರಲ್ಲಿ 1 ಭಾಗ, ಅಂದರೆ ಶೇ. 2.5, ಜಕಾತ್ ಆಗಿ ಸಲ್ಲಬೇಕು. ಇದು ಕೊಡುವವರ ಔದಾರ್ಯವಲ್ಲ, ಪಡೆಯುವವರ ಹಕ್ಕು. ಸ್ವಇಚ್ಛೆಯಿಂದ ಕೊಡುವ ಸದಖಾ ಬೇರೆಯೇ ಇದೆ. ಬೆಳೆಯ ಲೆಕ್ಕವಂತೂ ನಮ್ಮ ರೈತರಿಗೆ ಹಿಡಿಸುವಂಥದು: ಮಳೆಯಿಂದ ಬೆಳೆದುದರಲ್ಲಿ 10ನೆಯ 1 ಭಾಗ, ದುಡಿದು ನೀರುಣಿಸಿ ಬೆಳೆದುದರಲ್ಲಿ 20ನೆಯ 1 ಭಾಗ. ರೈತನ ಬೆವರಿಗೆ ಅಲ್ಲಿ ರಿಯಾಯಿತಿಯಿದೆ.

ಸಿಖ್ಖರ ಮೂರು ಕಟ್ಟಳೆಗಳಾದ ನಾಮಸ್ಮರಣೆ, ಪ್ರಾಮಾಣಿಕ ದುಡಿಮೆ, ಹಂಚಿ ಉಣ್ಣುವಿಕೆ ಕಾಯಕ ದಾಸೋಹಗಳಿಗೆ ಬಹು ಸಮೀಪ. ಬೀದರಿನ ನಾನಕ ಝರಾದ ಗುರುದ್ವಾರದಲ್ಲಿ ಲಂಗರಿನ ಪಂಕ್ತಿಯನ್ನು ಕಾಣಬಹುದು. ಜಹೀರಾಬಾದಿನ ಕಡೆಯ ಶಾಲೆಗಳಿಗೆ ಅದು ಒಂದು ದಿನದ ಪ್ರವಾಸದ ದೂರ. ಮಕ್ಕಳು ಉಂಡ ಬಳಿಕ ತಟ್ಟೆ ತೊಳೆಯುವ ಸಾಲಿನಲ್ಲಿಯೂ ನಿಂತು ಬರಲಿ.