ಜಾಲತಾಣಕ್ಕೆ ಯಾವ ಸಾಧನವನ್ನು ಆರಿಸಬೇಕು?

ಮನೆಗೆ ಅಡಿಪಾಯ ಹಾಕಿಸುವ ಗೃಹಸ್ಥನು ನೆಲವು ಯಾರದೆಂಬುದನ್ನು ಮೊದಲು ವಿಚಾರಿಸುತ್ತಾನೆ. ಪರರ ನೆಲದಲ್ಲಿ ಎಷ್ಟು ಅಂದವಾದ ಮನೆಯನ್ನು ಕಟ್ಟಿದರೂ, ಒಡೆಯನು ಏಳೆಂದ ದಿನ ಏಳಲೇಬೇಕಷ್ಟೆ. ಜಾಲತಾಣಗಳನ್ನು ಕಟ್ಟಿದವರಲ್ಲಿ ಅನೇಕರು ಈ ವಿಚಾರವನ್ನು ಮಾಡದೆ ಹೋದುದರಿಂದ ಎಷ್ಟೋ ವರ್ಷಗಳ ದುಡಿಮೆಯು ವ್ಯರ್ಥವಾಯಿತು. ಈಗ ಅಂಗಡಿ, ಶಾಲೆ, ಸಹಕಾರ ಸಂಘ ಇವುಗಳೆಲ್ಲಕ್ಕೂ ಜಾಲತಾಣವು ಬೇಕಾಗಿರುವ ಕಾರಣ, ಈ ವೃತ್ತಾಂತವನ್ನು ವಾಚಕರು ತಿಳಿದಿರುವುದು ಯುಕ್ತವಾಗಿದೆ.

ಜಿನೀವಾ ನಗರದ ಬಳಿಯ ಸರ್ನ್ ಎಂಬ ವಿಜ್ಞಾನಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ವೆಬ್ಬಿನ ಯೋಜನೆಯನ್ನು ಮುಂದಿಟ್ಟರು. ಆದಿಯಲ್ಲಿ ಅದರ ಪುಟಗಳು ಪುಸ್ತಕದ ಪುಟಗಳಂತೆ ಓದುವುದಕ್ಕೆ ಮಾತ್ರ ಒದಗುತ್ತಿದ್ದುವು. ಓದುವವನು ಒತ್ತಿದೊಡನೆ ಚಿತ್ರವು ಚಲಿಸಬೇಕು, ಲೆಕ್ಕವು ಬದಲಾಗಬೇಕು ಎಂಬ ಅಪೇಕ್ಷೆಯು ಬೆಳೆದಂತೆಲ್ಲ ಅದನ್ನು ಪೂರೈಸುವ ಸಾಧನಗಳು ಪೈಪೋಟಿಯಿಂದ ಹುಟ್ಟಿದುವು.

1995ರಲ್ಲಿ ಸನ್ ಕಂಪೆನಿಯವರು ಜಾವಾ ಆಪ್ಲೆಟ್ಟುಗಳನ್ನು ತಂದರು. ಅದೇ ವರ್ಷ ನೆಟ್‌ಸ್ಕೇಪ್ ಕಂಪೆನಿಯಲ್ಲಿ ಬ್ರೆಂಡನ್ ಐಕ್ ಎಂಬವರು ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಸಿದ್ಧಪಡಿಸಿದರು. ಹೆಸರಿನಲ್ಲಿ ಹೋಲಿಕೆಯಿದ್ದರೂ ಇವೆರಡೂ ಬೇರೆ ಬೇರೆ. 1996ರ ಕೊನೆಗೆ ಮ್ಯಾಕ್ರೋಮೀಡಿಯಾ ಕಂಪೆನಿಯ ಕೈಸೇರಿದ ಫ್ಲ್ಯಾಶ್ ಎಂಬ ಸಾಧನವು ಇವೆಲ್ಲಕ್ಕಿಂತ ಮನೋಹರವಾಗಿತ್ತು. ಚಲಚ್ಚಿತ್ರ, ಸಂಗೀತ, ಮಕ್ಕಳ ಆಟಪಾಠ ಎಲ್ಲವೂ ಅದರಿಂದ ಸುಲಭಸಾಧ್ಯವಾದುವು. 2005ರಲ್ಲಿ ಆರಂಭವಾದ ಯೂಟ್ಯೂಬ್ ಸಹ ತನ್ನ ಚಿತ್ರಗಳನ್ನು ಅದರಿಂದಲೇ ತೋರಿಸುತ್ತಿತ್ತು. ಜಾವಾಸ್ಕ್ರಿಪ್ಟಾದರೋ ನಿಧಾನವಾದುದು, ಒಂದೊಂದು ಬ್ರೌಸರಿನಲ್ಲಿ ಒಂದೊಂದು ಬಗೆಯಾಗಿ ನಡೆಯುತ್ತಿದ್ದುದರಿಂದ ಬಲ್ಲವರು ಅದನ್ನು ಲಘುವಾಗಿಯೇ ಕಾಣುತ್ತಿದ್ದರು.

ಆದರೆ ಒಂದು ಭೇದವನ್ನು ಇಲ್ಲಿ ಗಮನಿಸಬೇಕು. ಫ್ಲ್ಯಾಶ್ ನಡೆಯಬೇಕಾದರೆ ಒಂದೇ ಕಂಪೆನಿಯ ವಶದಲ್ಲಿದ್ದ ಪ್ರತ್ಯೇಕ ಪ್ಲಗ್-ಇನ್ನನ್ನು ಬ್ರೌಸರಿಗೆ ಜೋಡಿಸಬೇಕಾಗಿತ್ತು. ಜಾವಾಸ್ಕ್ರಿಪ್ಟು ಬ್ರೌಸರಿನೊಳಗೇ ಇದ್ದಿತು. 1997ರಲ್ಲಿ ಎಕ್ಮಾ ಎಂಬ ಸಂಸ್ಥೆಯವರು ಅದರ ನಿಯಮಗಳನ್ನು ಸರ್ವರಿಗೂ ತೆರೆದ ಪ್ರಮಾಣಗ್ರಂಥವಾಗಿ ಪ್ರಕಟಿಸಿದರು. ವ್ಯಾಕರಣವು ಪ್ರಕಟವಾದ ಭಾಷೆಯನ್ನು ಯಾರು ಬೇಕಾದರೂ ಕಲಿಯಬಹುದು, ಕಲಿಸಬಹುದು. ಒಬ್ಬನ ಪೆಟ್ಟಿಗೆಯಲ್ಲಿರುವ ವ್ಯಾಕರಣವು ಅವನೊಡನೆಯೇ ಹೋಗುವುದು.

ನೆಟ್ಟ ಕಂಬವನ್ನು ಮರಳಿ ಮರಳಿ ಅಲುಗಿಸಿ ಭದ್ರಪಡಿಸುವುದನ್ನು ಸಂಸ್ಕೃತಜ್ಞರು ಸ್ಥೂಣಾನಿಖನನ ನ್ಯಾಯವೆನ್ನುವರು. ಜಾವಾಸ್ಕ್ರಿಪ್ಟಿಗೆ ಆದುದು ಇದೇ. 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ, ಪುಟವನ್ನು ಮತ್ತೆ ತರಿಸದೆಯೇ ಭೂಪಟವನ್ನು ಎಳೆದಾಡಬಹುದೆಂಬುದು ಲೋಕಕ್ಕೆ ತಿಳಿಯಿತು. 2007ರಲ್ಲಿ ಮೈಕ್ರೋಸಾಫ್ಟ್‌ನವರು ಫ್ಲ್ಯಾಶಿಗೆ ಎದುರಾಗಿ ಸಿಲ್ವರ್‌ಲೈಟನ್ನು ತಂದರು, ಅದೂ ಪ್ಲಗ್-ಇನ್ನೇ. ಅದೇ ವರ್ಷ ಬಂದ ಐಫೋನಿನಲ್ಲಿ ಫ್ಲ್ಯಾಶಿಗೆ ಸ್ಥಳವಿರಲಿಲ್ಲ. ಅದು ಬ್ಯಾಟರಿಯನ್ನು ಬೇಗ ಬರಿದು ಮಾಡುವುದು, ಸುರಕ್ಷಿತವಲ್ಲ, ಒಬ್ಬರದೇ ಸ್ವತ್ತು ಎಂಬುದಾಗಿ 2010ರ ಏಪ್ರಿಲಿನಲ್ಲಿ ಸ್ಟೀವ್ ಜಾಬ್ಸ್ ಬಹಿರಂಗಪತ್ರವನ್ನು ಬರೆದರು. ಅವರ ಆ್ಯಪ್ ಅಂಗಡಿಯೂ ಒಬ್ಬರದೇ ಸ್ವತ್ತೆಂಬುದು ಬೇರೆ ಮಾತು. 2014ರಲ್ಲಿ ಎಚ್‌ಟಿಎಂಎಲ್5 ಅಧಿಕೃತ ಪ್ರಮಾಣವಾಯಿತು. ಚಲಚ್ಚಿತ್ರವು ಪ್ಲಗ್-ಇನ್ನಿಲ್ಲದೆ ಪುಟದಲ್ಲಿಯೇ ನಡೆಯಿತು.

ಬಳಿಕ ಫ್ಲ್ಯಾಶಿನ ಅಂತ್ಯವು ಬಂದಿತು. 2005ರಲ್ಲಿ ಮ್ಯಾಕ್ರೋಮೀಡಿಯಾವನ್ನು ಕೊಂಡುಕೊಂಡಿದ್ದ ಅಡೋಬಿಯವರು 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರನ್ನು ನಿಲ್ಲಿಸಿ, 2021ರ ಜನವರಿ 12ರಿಂದ ಅದರಲ್ಲಿ ಏನೂ ನಡೆಯದಂತೆ ತಡೆದರು. ಸಿಲ್ವರ್‌ಲೈಟಿನ ಆಸರೆಯೂ ಆ ವರ್ಷದ ಅಕ್ಟೋಬರಿನಲ್ಲಿ ಮುಗಿಯಿತು. ಪಾಠಗಳೂ ಆಟಗಳೂ ಮಸುಕಾದ ಚೌಕಗಳಾಗಿ ಉಳಿದುವು. ದಕ್ಷಿಣ ಆಫ್ರಿಕದ ಕಂದಾಯ ಇಲಾಖೆಯವರು ಫ್ಲ್ಯಾಶಿನಲ್ಲಿದ್ದ ತಮ್ಮ ಫಾರಮುಗಳಿಗೋಸ್ಕರ ಸ್ವಂತದ ಬ್ರೌಸರನ್ನೇ ಹೊರಡಿಸಬೇಕಾಯಿತು. ಇಂಟರ್ನೆಟ್ ಆರ್ಕೈವ್ ಎಂಬ ಗ್ರಂಥಾಲಯದವರು ಹಲವು ಕೃತಿಗಳನ್ನು ರಫ಼ಲ್ ಎಂಬ ಸಾಧನದಿಂದ ಉಳಿಸಿಕೊಂಡಿದ್ದಾರೆ. ಅದು ನಡೆಯುವುದೂ ವೆಬ್ಬಿನ ಸಾರ್ವಜನಿಕ ಪ್ರಮಾಣಗಳ ಬಲದಿಂದಲೇ. ಇತ್ತ, ಸರ್ನ್ ಸಂಸ್ಥೆಯವರು 2013ರಲ್ಲಿ ಪುನಃ ಸ್ಥಾಪಿಸಿದ ಆದಿಕಾಲದ ಸರಳ ಪುಟವು ಈಗಿನ ಬ್ರೌಸರಿನಲ್ಲಿಯೂ ತೆರೆಯುತ್ತದೆ.

ಹಾಗೆಂದು ಫ್ಲ್ಯಾಶನ್ನು ಆರಿಸಿದವರೆಲ್ಲರೂ ಅವಿವೇಕಿಗಳೆನ್ನಲಾಗದು. 2000ದ ಸುಮಾರಿನಲ್ಲಿ ಆ ಸೊಬಗನ್ನು ಕೊಡಬಲ್ಲ ಅನ್ಯಮಾರ್ಗವಿರಲಿಲ್ಲ. ಕೊರತೆಯಾದುದು ಹಿಂದಿರುಗುವ ದಾರಿಯನ್ನು ನೋಡಿಕೊಳ್ಳದೆ ಇದ್ದುದು.

ಈಗಿನ ಸ್ಪರ್ಧಿಗಳು ರಿಯಾಕ್ಟ್, ವ್ಯೂ, ಆಂಗ್ಯುಲರ್ ಮೊದಲಾದುವು. ಇವು ಜಾವಾಸ್ಕ್ರಿಪ್ಟೆಂಬ ಸಾರ್ವಜನಿಕ ನೆಲದ ಮೇಲೆಯೇ ನಿಂತಿರುವುದರಿಂದ ಫ್ಲ್ಯಾಶಿನಷ್ಟು ಅಪಾಯವಿಲ್ಲ. ಆದರೂ ಗೂಗಲಿನವರ ಹಳೆಯ ಆಂಗ್ಯುಲರ್‌ಜೆಎಸ್‌ಗೆ 2021ರ ಕೊನೆಗೆ ಆಸರೆ ತಪ್ಪಿತು. ಅದರ ಪುಟಗಳು ಕೂಡಲೆ ನಿಲ್ಲಲಿಲ್ಲ. ಆದರೆ ದುರಸ್ತಿಯ ಹೊಣೆ ಮನೆಯವರ ಮೇಲೆಯೇ ಬಿದ್ದಿತು.

ಆದುದರಿಂದ ಜಾಲತಾಣವನ್ನು ಮಾಡಿಸುವವರು ಕಟ್ಟುವವನನ್ನು ಮೂರು ಮಾತು ಕೇಳತಕ್ಕದ್ದು: ಇದು ಬರಿಯ ಬ್ರೌಸರಿನಲ್ಲಿ ನಡೆಯುವುದೆ? ಇದರ ಒಡೆಯರು ಕೈಬಿಟ್ಟರೆ ಬೇರೊಬ್ಬರು ದುರಸ್ತಿ ಮಾಡಬಲ್ಲರೆ? ನಮ್ಮ ಬರಹ, ಚಿತ್ರ, ಲೆಕ್ಕಪತ್ರಗಳ ಮೂಲಪ್ರತಿಯು ನಮ್ಮ ವಶದಲ್ಲಿರುವುದೆ? ಮೂರಕ್ಕೂ ಸರಿಯಾದ ಉತ್ತರವು ದೊರೆತ ಮೇಲೆ ಅಂದಚಂದಗಳ ವಿಚಾರವನ್ನು ಮಾಡಲಿ. ಕೇಳಿದ ತಕ್ಷಣ ಉತ್ತರ ಹೇಳಲಾರದವನ ಕೈಗೆ ಮುಂಗಡವನ್ನು ಕೊಡದಿರುವುದೇ ಲೇಸು.