ಪೆಟ್ರೋಲ್ ತೆರಿಗೆ: ಬೆಲೆಗೋ, ಹೊಗೆಗೋ?

ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋದ ಆಸುಪಾಸು. ಅದು ಉರಿದಾಗ ಹೊರಬೀಳುವ ಕಾರ್ಬನ್ ಡೈಆಕ್ಸೈಡ್ ಮಾತ್ರ ಸುಮಾರು 2.3 ಕಿಲೋ! ಹೆಚ್ಚಿನ ತೂಕ ಗಾಳಿಯದು: ಇಂಧನದ ಒಂದೊಂದು ಕಾರ್ಬನ್ ಪರಮಾಣುವೂ ಎರಡೆರಡು ಆಕ್ಸಿಜನ್ ಪರಮಾಣುಗಳನ್ನು ಕೂಡಿಕೊಳ್ಳುತ್ತದೆ. ಜೊತೆಗೆ ನೈಟ್ರೋಜನ್ ಆಕ್ಸೈಡುಗಳು, ಪೂರ್ತಿ ಉರಿಯದ ಹೈಡ್ರೋಕಾರ್ಬನ್ನುಗಳೂ ಹೊರಬರುತ್ತವೆ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಸುವವರು ಇಂಧನಕ್ಕೆ ದುಡ್ಡು ಕೊಡುತ್ತಾರೆ. ಹೊಗೆ ಕುಡಿದವರ ಆಸ್ಪತ್ರೆ ಖರ್ಚು ಬೇರೆಯವರ ಪಾಲಿಗೆ.

ಇಂಥ ನಷ್ಟವನ್ನು ತೆರಿಗೆಯ ರೂಪದಲ್ಲಿ ಸರಕಿನ ಬೆಲೆಗೇ ಸೇರಿಸಬಹುದೆಂದು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲೇ ವಾದಿಸಿದ್ದರು.

ನಮ್ಮಲ್ಲಿ ಪೆಟ್ರೋಲ್ ಮೇಲಿನ ತೆರಿಗೆಗೇನೂ ಬರವಿಲ್ಲ. 2025ರ ಏಪ್ರಿಲ್‌ನಲ್ಲಿ ಕೇಂದ್ರದ ಅಬಕಾರಿ ಸುಂಕ ಲೀಟರಿಗೆ 21.90 ರೂಪಾಯಿಗೆ ಏರಿತು. ಅದರಲ್ಲಿ ರಸ್ತೆಯ ಹೆಸರಿನಲ್ಲೊಂದು ಸೆಸ್, ಕೃಷಿಯ ಹೆಸರಿನಲ್ಲೊಂದು. ಗಾಳಿಯ ಹೆಸರಿನಲ್ಲಿ ಯಾವುದೂ ಇಲ್ಲ. ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 25.92ರಿಂದ 29.84ಕ್ಕೆ ಹೋಯಿತು. ಶೇಕಡಾ ಲೆಕ್ಕದ ಈ ತೆರಿಗೆ ಕಚ್ಚಾತೈಲದ ಬೆಲೆ ಇಳಿದರೆ ತಾನೂ ಇಳಿಯುತ್ತದೆ; ಹೊಗೆ ಇಳಿಯುವುದಿಲ್ಲ. ಲೀಟರಿಗೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್ ಉಗುಳುವ ಡೀಸೆಲ್‌ಗೆ 2025ರ ಏಪ್ರಿಲ್‌ನಲ್ಲಿ ಏರಿಸಿದ ಮೇಲೂ ಶೇ 21.17 ಮಾತ್ರ. ಹೊಗೆಯೇ ಅಳತೆಗೋಲಾಗಿದ್ದರೆ ಡೀಸೆಲ್ ಮೇಲಿನ ತೆರಿಗೆ ಪೆಟ್ರೋಲಿನದಕ್ಕಿಂತ ಹೆಚ್ಚಿರಬೇಕಿತ್ತು.

ಹಾಳು ಮಾಡಿದವರೇ ದಂಡ ತೆರಬೇಕೆಂಬುದು ಬಳ್ಳಾರಿಗೆ ಹೊಸ ಮಾತಲ್ಲ. 2011ರಲ್ಲಿ ಇಲ್ಲಿನ ಗಣಿಗಾರಿಕೆಗೆ ತಡೆ ಹಾಕಿದ ಸುಪ್ರೀಂ ಕೋರ್ಟ್, ಮುಂದೆ ಅದಿರು ಮಾರಿದ ಹಣದಲ್ಲೊಂದು ಪಾಲನ್ನು ಗಣಿಬಾಧಿತ ಪ್ರದೇಶಕ್ಕೆಂದೇ ಎತ್ತಿಡಿಸಿತು. ಅದಕ್ಕಾಗಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವೂ ಹುಟ್ಟಿತು. ಆ ಹಣ ಖರ್ಚಿಗೆ ಸಿಗಲು ವರ್ಷಗಳೇ ಹಿಡಿದವು, ನಿಜ. ಆದರೂ ದೂಳಿಗೊಂದು ಖಾತೆಯಾದರೂ ಇದೆ. ಹೊಗೆಗೆ ಅದೂ ಇಲ್ಲ.

ಹಾಗೆಂದು ತೆರಿಗೆ ಏರಿಸಿದ ಮಾತ್ರಕ್ಕೆ ಹೊಗೆ ಕಡಿಮೆಯಾಗದು. ಆಂಧ್ರದಲ್ಲಿ ಪೆಟ್ರೋಲ್ ತುಟ್ಟಿಯಾದ್ದರಿಂದ ಗಡಿಯಾಚೆಯ ವಾಹನಗಳಿಗೆ ನಮ್ಮ ಬಂಕುಗಳೇ ಅಗ್ಗ: ತುಂಬಿಸುವ ಜಾಗ ಬದಲಾಗುತ್ತದೆ, ಉರಿಯುವುದು ಅಷ್ಟೇ. ಸಿರುಗುಪ್ಪ, ಕುರುಗೋಡು ಕಡೆಯಿಂದ ದಿನಾ ನಗರಕ್ಕೆ ಬೈಕಿನಲ್ಲಿ ಬಂದು ದುಡಿಯುವವರು, ಹೊತ್ತಿಗೆ ಬಸ್ಸಿಲ್ಲದಿದ್ದರೆ, ದರ ಏರಿದರೂ ಪೆಟ್ರೋಲ್ ಹಾಕಿಸಲೇಬೇಕು. ತೆರಿಗೆಯನ್ನು ಹೊಗೆಯ ಪ್ರಮಾಣಕ್ಕೆ ಕಟ್ಟಿ, ಬಂದ ಹಣದಲ್ಲಿ ಮೊದಲು ಅಂಥ ಊರುಗಳಿಗೆ ಬಸ್ಸು ಓಡಿಸಬೇಕು. ಬೇರೆ ದಾರಿ ಇದ್ದಾಗಲೇ ಜನ ಬೈಕು ಬಿಡುತ್ತಾರೆ.